ಬಾಗಿಲುಗಳ ಊರಿನಲ್ಲಿ ಐದು ದಿನ

ಕರ್ಕಾಟಕ ತಿಂಗಳ ಮಳೆ ಒಮ್ಮೆ ಕೂತಿತೆಂದರೆ ಕಾಸರಗೋಡಿನ ಬದಿಯಡ್ಕ, ನೀರ್ಚಾಲು ಕಡೆಯಲ್ಲಿ ಯಾರೂ ದೂರ ಪ್ರಯಾಣದ ಮಾತೆತ್ತುವುದಿಲ್ಲ. ಅಡಿಕೆಗೆ ಮದ್ದು ಬಿಡಲು ಹೊಳವು ಕಾಯುತ್ತ ಜಗಲಿಯಲ್ಲಿ ಕೂರುವ ದಿನಗಳವು. ಅಂಥ ಐದು ದಿನಗಳಲ್ಲಿ ಹೋಗಿ ಬಂದ ಊರಿನ ಹೆಸರು ಸಿಗಿಲ್. ಅದಿರುವುದು ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ ಎಂಬ ಕಂಪ್ಯೂಟರ್ ಆಟದ ಒಳಗೆ. ಬ್ಲ್ಯಾಕ್ ಐಲ್ ಸ್ಟುಡಿಯೋಸ್ 1999ರಲ್ಲಿ ಮಾಡಿದ ಆಟ, ಮುಖ್ಯ ವಿನ್ಯಾಸಕ ಕ್ರಿಸ್ ಅವೆಲೋನ್. ನಾವು ಹಾಕಿಕೊಂಡದ್ದು ಬೀಮ್‌ಡಾಗ್‌ನವರು 2017ರಲ್ಲಿ ಈಗಿನ ಕಂಪ್ಯೂಟರುಗಳಿಗೆ ಹೊಂದಿಸಿ ತಂದ ಆವೃತ್ತಿ. ಹಳೆ ಲ್ಯಾಪ್‌ಟಾಪಿನಲ್ಲೂ ಸಲೀಸಾಗಿ ಓಡುತ್ತದೆ. ಫೋನಿಗೂ ಸಿಗುತ್ತದೆ, ಆದರೆ ಫೋನಿನಲ್ಲಿ ಹೋಗಬೇಡಿ. ಇಲ್ಲಿ ನಡೆಯುವುದಕ್ಕಿಂತ ಓದುವುದು ಹೆಚ್ಚು. ಆಟದೊಳಗಿನ ಬರಹವೆಲ್ಲ ಸೇರಿದರೆ ಸುಮಾರು 8 ಲಕ್ಷ ಪದ ಎನ್ನುತ್ತಾರೆ. ಅಷ್ಟೂ ಇಂಗ್ಲಿಷಿನಲ್ಲಿದೆ, ಕನ್ನಡದಲ್ಲಿಲ್ಲ.

ಮೊದಲ ದಿನ: ಕಲ್ಲಿನ ಮೇಜು

ಊರು ಹೊಗುವ ಮೊದಲು ಒಂದು ಲೆಕ್ಕ ಮುಗಿಸಬೇಕು. ನಾಯಕನಿಗೆ ಆರು ಗುಣ: ಬಲ, ಚುರುಕು, ತ್ರಾಣ, ಬುದ್ಧಿ, ವಿವೇಕ, ವರ್ಚಸ್ಸು. ಪ್ರತಿಯೊಂದೂ 9ರಲ್ಲಿ ನಿಂತಿರುತ್ತದೆ. ಮೇಲೆ ಹಂಚಲಿಕ್ಕೆ 21 ಅಂಕ ಕೊಡುತ್ತಾರೆ. ಯಾವುದನ್ನೂ 18 ದಾಟಿಸುವಂತಿಲ್ಲ.

ಬೇರೆ ಆಟಗಳ ಅಭ್ಯಾಸದಲ್ಲಿ ಬಲಕ್ಕೆ 18 ಇಟ್ಟು ಹೊರಟದ್ದು ಈ ಪ್ರವಾಸದ ಮೊದಲ ತಪ್ಪು. ಒಂದು ಗಂಟೆ ಕಳೆದರೂ ಅದು ತಪ್ಪು ಎಂದು ತಿಳಿಯಲೇ ಇಲ್ಲ, ಯಾಕೆಂದರೆ ಈ ಆಟ ಅದನ್ನು ಹೇಳುವುದಿಲ್ಲ. ಯಾರ ಜೊತೆ ಮಾತಾಡಿದರೂ ಪರದೆಯ ಕೆಳಗೆ ನಾಲ್ಕಾರು ಉತ್ತರಗಳ ಪಟ್ಟಿ ಬರುತ್ತದೆ. ಅದರಲ್ಲಿ ಒಂದನ್ನು ಆರಿಸಬೇಕು. ಬುದ್ಧಿ, ವಿವೇಕ, ವರ್ಚಸ್ಸು ಸಾಲದಿದ್ದರೆ ಕೆಲವು ಉತ್ತರಗಳು ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ‘ನಿಮಗೆ ಇದು ಸಾಧ್ಯವಿಲ್ಲ’ ಎಂದು ಮಸುಕಾಗಿ ತೋರಿಸುವ ಕ್ರಮವೂ ಇಲ್ಲಿಲ್ಲ. ಎದುರಿನವನಿಗೆ ಹೇಳಲಿಕ್ಕೆ ಇನ್ನೇನೂ ಇಲ್ಲ ಎಂದುಕೊಂಡು ನಾವು ಎದ್ದು ಹೋಗಿರುತ್ತೇವೆ. ಅವನಲ್ಲಿ ಅರ್ಧ ಕಥೆ ಉಳಿದಿರುತ್ತದೆ.

ಎರಡನೇ ಸಲ ವಿವೇಕಕ್ಕೆ 9 ಅಂಕ ಸೇರಿಸಿ 18 ಮಾಡಿದೆವು. ಬುದ್ಧಿಗೆ 7 ಸೇರಿಸಿ 16, ವರ್ಚಸ್ಸಿಗೆ ಉಳಿದ 5 ಸೇರಿಸಿ 14. ಬಲ, ಚುರುಕು, ತ್ರಾಣ 9ರಲ್ಲೇ ಇರಲಿ. ವಿವೇಕ ಹೆಚ್ಚಿದ್ದರೆ ಗಳಿಸುವ ಅನುಭವದ ಅಂಕವೂ (ನಾಯಕ ಬಲಿಯುವುದು ಅದರಿಂದ) ಹೆಚ್ಚುತ್ತದೆ, ಹಳೆಯ ನೆನಪುಗಳೂ ಹೆಚ್ಚು ಮರಳುತ್ತವೆ. ಹೊಡೆದಾಟದಲ್ಲಿ ಈ ಮನುಷ್ಯ ಸೋಲುತ್ತಾನೆ, ನಿಜ. ಅದಕ್ಕೆ ಇಲ್ಲಿ ಅಷ್ಟು ಚಿಂತೆ ಬೇಡ, ಯಾಕೆಂದು ಮೂರನೇ ದಿನ ಗೊತ್ತಾಗುತ್ತದೆ.

ಕುಂಬಳೆ ಸೀಮೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಇದು ಬಯಲಾಟವಲ್ಲ, ತಾಳಮದ್ದಳೆ. ವೇಷ, ಕುಣಿತ, ಕಿರೀಟ ಏನೂ ಇಲ್ಲದೆ ಪಂಚೆ ಶಾಲಿನಲ್ಲಿ ಕೂತವರು ಬರೀ ಮಾತಿನಲ್ಲಿ ಕುರುಕ್ಷೇತ್ರ ಕಟ್ಟುತ್ತಾರಲ್ಲ, ಹಾಗೆ. ವಾಲಿಗೆ ಬಾಣ ತಾಗುವುದು ಒಂದು ಕ್ಷಣದ ಕೆಲಸ. ಬಾಣ ನೆಟ್ಟ ಮೇಲೆ ಅವನು ರಾಮನನ್ನು ಕೇಳುವ ಪ್ರಶ್ನೆಗಳಿಗೆ ಗಂಟೆಗಟ್ಟಲೆ ಬೇಕು, ಜನ ಕಾಯುವುದು ಅದಕ್ಕೆ. ಈ ಆಟ ಮಾಡಿದವರೂ ಅದಕ್ಕೇ ಕಾಯುವವರು.

ಕಣ್ಣು ಬಿಡುವುದು ಶವಾಗಾರದ ಕಲ್ಲಿನ ಮೇಜಿನ ಮೇಲೆ. ಮೈತುಂಬ ಗಾಯದ ಕಲೆ, ಹಚ್ಚೆ. ಹೆಸರು ನೆನಪಿಲ್ಲ. ಗಾಳಿಯಲ್ಲಿ ತೇಲುವ ತಲೆಬುರುಡೆಯೊಂದು ಎದುರಿಗೆ ಬಂದು ಹರಟೆ ಶುರು ಮಾಡುತ್ತದೆ. ಅದರ ಹೆಸರು ಮೋರ್ಟ್, ಮೊದಲ ಸಂಗಾತಿ. ನಾಯಕನ ಬೆನ್ನ ಮೇಲೆ ಹಚ್ಚೆಯಲ್ಲಿ ಬರೆದ ಸೂಚನೆಯನ್ನು ಓದಿ ಹೇಳುವವನೂ ಅವನೇ: ದಿನಚರಿ ಪುಸ್ತಕ ಕಳೆದಿದೆ, ಫಾರೋಡ್ ಎಂಬವನನ್ನು ಹುಡುಕು. ಈ ಮನುಷ್ಯನಿಗೆ ಸಾವಿಲ್ಲ. ಹಿಂದೆಲ್ಲ ಸತ್ತು ಎದ್ದಾಗ ನೆನಪು ಅಳಿಸಿಹೋಗುತ್ತಿತ್ತು, ಹಾಗಾಗಿ ಹಿಂದಿನ ಜನ್ಮದವನು ಮುಂದಿನವನಿಗೆ ತನ್ನದೇ ಬೆನ್ನಿನಲ್ಲಿ ಕಾಗದ ಬರೆದು ಕಳಿಸಿದ್ದಾನೆ.

ಕೋಣೆಯ ಬಾಗಿಲಿಗೆ ಬೀಗ. ಬೀಗದ ಕೈ ಅಲ್ಲೇ ಕೆಲಸ ಮಾಡುವ ನಡೆದಾಡುವ ಹೆಣವೊಂದರ ಬಳಿ ಇದೆ. ಕಪಾಟಿನಲ್ಲಿ ಹೆಣ ಕೊಯ್ಯುವ ಸಣ್ಣ ಚೂರಿ ಸಿಗುತ್ತದೆ, ಅದೇ ಮೊದಲ ಆಯುಧ. ಟ್ಯಾಬ್ ಕೀಲಿ ಒತ್ತಿ ಹಿಡಿದರೆ ಮುಟ್ಟಬಹುದಾದ ವಸ್ತುಗಳೆಲ್ಲ ಎದ್ದು ಕಾಣುತ್ತವೆ. ಈ ಕೀಲಿ ಗೊತ್ತಿಲ್ಲದೆ ಹೋದರೆ ಅರ್ಧ ಸಾಮಾನು ಕತ್ತಲಲ್ಲೇ ಉಳಿಯುತ್ತದೆ.

ಎರಡನೇ ದಿನ: ಸತ್ತವರ ಲೆಕ್ಕ ಬರೆಯುವವರು

ಬೆಳಗ್ಗೆಯಿಂದ ಬಿಡದೆ ಸುರಿಯಿತು. ತಿನ್ನಲಿಕ್ಕೆ ಉಪ್ಪುಸೊಳೆಯ ಉಂಡ್ಲಕಾಳು. ಎಣ್ಣೆ ಕೈಯಲ್ಲಿ ಮೌಸ್ ಹಿಡಿಯಬಾರದೆಂದು ಒಬ್ಬರು ಓದುವುದು, ಒಬ್ಬರು ಒತ್ತುವುದು ಎಂದು ಹಂಚಿಕೊಂಡದ್ದು ಒಳ್ಳೆಯದೇ ಆಯಿತು. ಈ ಆಟವನ್ನು ಜೋರಾಗಿ ಓದಬೇಕು. ಒಬ್ಬನೇ ಕೂತು ಕಣ್ಣಾಡಿಸಿದರೆ ಸಾಲು ಹಾರಿಹೋಗುತ್ತದೆ. ಹಾರಿಹೋದ ಸಾಲಿನಲ್ಲೇ ಮುಂದಿನ ದಾರಿ ಇರುತ್ತದೆ.

ಶವಾಗಾರವನ್ನು ನಡೆಸುವವರು ಡಸ್ಟ್‌ಮನ್ ಪಂಥದವರು. ಸಿಗಿಲ್‌ನಲ್ಲಿ ಇಂಥ ಪಂಥಗಳು ಒಟ್ಟು 15. ಬದುಕಿದ್ದೇವೆ ಎಂದುಕೊಂಡಿರುವವರೂ ಸೇರಿ ಎಲ್ಲರೂ ಆಗಲೇ ಸತ್ತವರು, ಆಸೆಗಳನ್ನು ಪೂರ್ತಿ ಬಿಟ್ಟವನಿಗೆ ಮಾತ್ರ ನಿಜವಾದ ಸಾವು ಸಿಗುತ್ತದೆ ಎನ್ನುವುದು ಡಸ್ಟ್‌ಮನ್‌ಗಳ ನಂಬಿಕೆ. ಒಂದು ಕೋಣೆಯಲ್ಲಿ ಧಾಲ್ ಎಂಬ ಮುದುಕ ದೊಡ್ಡ ಪುಸ್ತಕದ ಮುಂದೆ ಕೆಮ್ಮುತ್ತ ಕೂತಿರುತ್ತಾನೆ. ಬಂದ ಹೆಣಗಳ ಲೆಕ್ಕ ಬರೆಯುವವನು. ನಾಯಕನನ್ನು ಅವನು ಬಲ್ಲ, ಎಷ್ಟೋ ಸಲ ಇದೇ ಮೇಜಿನಿಂದ ಎದ್ದು ಹೋದವನೆಂದು ಬಲ್ಲ. ಕಾವಲುಗಾರರನ್ನು ಕೂಗುವುದಿಲ್ಲ. ಇವನ ಹತ್ತಿರ ಅವಸರ ಮಾಡಬೇಡಿ. ಪಟ್ಟಿಯಲ್ಲಿರುವ ಪ್ರಶ್ನೆಗಳನ್ನೆಲ್ಲ ಕೇಳಿ ಮುಗಿಸಿ. ‘ಬರುತ್ತೇನೆ’ ಎನ್ನುವ ಉತ್ತರ ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ, ಅದನ್ನು ಕೊನೆಗೇ ಒತ್ತಬೇಕು.

ಇನ್ನೊಂದು ಕೋಣೆಯಲ್ಲಿ ಏಯ್-ವೀನ್ ಎಂಬವಳು ಹೆಣದ ಕೆಲಸದಲ್ಲಿ ಮುಳುಗಿದ್ದಾಳೆ. ಅವಳಿಗೆ ಕಣ್ಣು ಮಂದ, ಹತ್ತಿರ ಬಂದವನನ್ನು ನಡೆದಾಡುವ ಹೆಣವೆಂದು ತಿಳಿದು ಸೂಜಿ ದಾರ ತಾ, ಹೆಣ ಕೆಡದಂತೆ ಹಾಕುವ ದ್ರಾವಣ ತಾ ಎನ್ನುತ್ತಾಳೆ. ನಾನು ಬದುಕಿದ್ದೇನೆ ಎಂದು ಬಾಯಿ ಬಿಡಬಹುದು, ಗದ್ದಲ ಮಾಡಬಹುದು. ಸುಮ್ಮನೆ ತಲೆ ಬಗ್ಗಿಸಿ ಅಕ್ಕಪಕ್ಕದ ಕಪಾಟಿನಿಂದ ಅದನ್ನೆಲ್ಲ ತಂದು ಕೊಟ್ಟರೆ ಅವಳು ನಾಯಕನ ಗಾಯಗಳನ್ನೇ ಹೊಲಿದುಬಿಡುತ್ತಾಳೆ. ಹೀಗೆ ಮಾತಾಡದೆ ಇದ್ದದ್ದಕ್ಕೂ ಅನುಭವದ ಅಂಕ ಬರುತ್ತದೆ. ಕತ್ತಿಯಿಂದ ಅಷ್ಟು ಗಳಿಸಬೇಕಾದರೆ ಎಷ್ಟು ಹೆಣ ಬೀಳಿಸಬೇಕೋ.

ಕೆಳ ಅಂತಸ್ತಿನ ಸ್ಮರಣೆಯ ಕೋಣೆಯಲ್ಲಿ ಡಿಯೊನಾರಾ. ಅವಳು ಪ್ರೇತ. ಯಾವುದೋ ಹಿಂದಿನ ಜನ್ಮದಲ್ಲಿ ಈ ಮನುಷ್ಯನನ್ನು ಪ್ರೀತಿಸಿ ಪ್ರಾಣ ಕಳೆದುಕೊಂಡವಳು. ಅವನಿಗೆ ಅವಳ ಮುಖವೂ ನೆನಪಿಲ್ಲ. ಈ ಸಂಭಾಷಣೆ ಮುಗಿಯಲು ಜೋರಾಗಿ ಓದಿದರೆ ಅರ್ಧ ಗಂಟೆ ಬೇಕು. ಮುಕ್ಕಾಲು ಭಾಗ ಆದಾಗ ಕರೆಂಟು ಹೋಯಿತು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್, ಒಂದೇ ಏಟಿಗೆ ಪರದೆ ಕಪ್ಪು. ಮಾತಿನ ನಡುವೆ ಈ ಆಟವನ್ನು ಉಳಿಸಿಡಲು ಬರುವುದಿಲ್ಲ, ಹೊಡೆದಾಟದ ನಡುವೆಯೂ ಬರುವುದಿಲ್ಲ. ಒಂದು ಜಾಗದಿಂದ ಇನ್ನೊಂದಕ್ಕೆ ದಾಟುವಾಗ ತಾನಾಗಿ ಉಳಿಸುತ್ತದೆ, ಅಷ್ಟೇ. ಆದ್ದರಿಂದ ಯಾರ ಹತ್ತಿರ ಬಾಯಿ ತೆರೆಯುವ ಮೊದಲೂ ಕ್ಯೂ ಕೀಲಿ ಒತ್ತಿ ಆಟ ಉಳಿಸುವುದನ್ನು ರೂಢಿ ಮಾಡಿಕೊಳ್ಳಬೇಕು. ಅದು ಪ್ರತಿ ಸಲವೂ ಹಳೆಯದರ ಮೇಲೆಯೇ ಬರೆಯುತ್ತದೆ. ದಿನಕ್ಕೊಂದಾದರೂ ಬೇರೆ ಹೆಸರಿನಲ್ಲಿ ಉಳಿಸಿಡಿ.

ಕರೆಂಟು ಬಂದ ಮೇಲೆ ಡಿಯೊನಾರಾಳ ಮುಂದೆ ಮತ್ತೆ ನಿಂತೆವು. ಮಳೆಗೆ ನಿಂತು ಹೋಗಲು ಬಂದ ನೆರೆಮನೆಯ ಮದ್ದಳೆ ನುಡಿಸುವ ಮಾವ ಒದ್ದೆ ಕೊಡೆಯನ್ನು ಜಗಲಿಯ ಮೂಲೆಗಿಟ್ಟು ಹಿಂದೆ ಬಂದು ಕೂತರು. ಪರದೆಯ ಮೇಲೆ ಆಗ ಇದ್ದದ್ದು ಅವಳಿಗೆ ಮಾತು ಕೊಡುವ ಘಟ್ಟ. ನಿನ್ನನ್ನು ಬಿಡಿಸುವ ದಾರಿ ಹುಡುಕುತ್ತೇನೆ, ಇಲ್ಲವೇ ನಿನ್ನ ಬಳಿಗೇ ಬರುತ್ತೇನೆ ಎನ್ನುವ ಉತ್ತರ ಪಟ್ಟಿಯಲ್ಲಿ ಎರಡು ಸಲ ಇದೆ. ಎರಡರ ಪದಗಳೂ ಒಂದೇ. ಒಂದರ ಹಿಂದೆ ‘ಶಪಥ’ ಎಂಬ ಅರ್ಥದ ಮಾತಿದೆ, ಇನ್ನೊಂದರ ಹಿಂದೆ ‘ಸುಳ್ಳು’ ಎಂದಿದೆ. ಅವಳ ಕಿವಿಗೆ ಬೀಳುವುದು ಒಂದೇ ವಾಕ್ಯ. ಹೇಳುವವನ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಮಾತ್ರ ಆಟ ನಮ್ಮಿಂದ ಕೇಳಿ ಬರೆದಿಟ್ಟುಕೊಳ್ಳುತ್ತದೆ. ನಾಯಕ ಒಳ್ಳೆಯವನೋ ಕೆಟ್ಟವನೋ, ಮಾತಿಗೆ ನಿಲ್ಲುವವನೋ ಅಲ್ಲವೋ ಎಂಬುದು ಶುರುವಿನಲ್ಲಿ ನಿರ್ಧಾರವಾಗಿರುವುದಿಲ್ಲ, ಇಂಥ ಸಣ್ಣ ಸಣ್ಣ ಆಯ್ಕೆಗಳಿಂದ ಸರಿಯುತ್ತ ಹೋಗುತ್ತದೆ.

ಮಾವ ಎರಡೂ ಸಾಲನ್ನು ಓದಿಸಿ ಕೇಳಿದರು. “ಇದು ಭಾರೀ ಒಳ್ಳೇದುಂಟು ಮಾರಾಯ. ಪದ್ಯ ಒಂದೇ, ಅರ್ಥ ಹೇಳುವವ ಬೇರೆ.”

ಶಪಥವನ್ನೇ ಒತ್ತಿದೆವು. ಒಂದು ಸೂಚನೆ: ಅವಳ ಬಳಿ ಎಲ್ಲವನ್ನೂ ಕೇಳಿದರೆ ಬಿದ್ದ ಸಂಗಾತಿಗಳನ್ನು ಎಬ್ಬಿಸುವ ಶಕ್ತಿ ನಾಯಕನಿಗೆ ನೆನಪಾಗುತ್ತದೆ. ಅದಿಲ್ಲದೆ ಹೊರಗಿನ ಬೀದಿಗೆ ಇಳಿಯುವುದು ಕಷ್ಟ.

ಮೂರನೇ ದಿನ: ಹೈವ್

ಹೊರಗೆ ಹೋಗಲು ಒಂದಕ್ಕಿಂತ ಹೆಚ್ಚು ದಾರಿ ಉಂಟು. ಡಸ್ಟ್‌ಮನ್‌ಗಳ ನಿಲುವಂಗಿ ತೊಟ್ಟು ಅವರಂತೆ ನಟಿಸಬಹುದು, ದ್ವಾರದ ಬಳಿ ಇರುವವನನ್ನು ಮಾತಿನಲ್ಲಿ ಒಪ್ಪಿಸಬಹುದು, ಬಡಿದಾಡಿಯೂ ಹೋಗಬಹುದು. ನಾವು ಮಾತಿನ ದಾರಿಯಲ್ಲಿ ಹೊರಬಂದೆವು. ಎದುರಿಗೆ ಹೈವ್, ಸಿಗಿಲ್‌ನ ಬಡವರ ಕೇರಿ.

ಈ ಊರಿನ ಆಕಾರ ಹೇಳಬೇಕು. ಟ್ಯೂಬು ತೆಗೆದ ಸ್ಕೂಟರ್ ಟಯರೊಂದನ್ನು ನೆನೆಯಿರಿ. ಅದರ ಒಳಮೈಗೆ ಅಂಟಿಕೊಂಡು ಮನೆ, ಬೀದಿ, ಮಾರುಕಟ್ಟೆ ಎಲ್ಲ ಕಟ್ಟಿದ್ದಾರೆ. ತಲೆಯೆತ್ತಿದರೆ ಕಾಣುವುದು ಆಕಾಶವಲ್ಲ, ಊರಿನ ಇನ್ನೊಂದು ಬದಿಯ ಮಾಡುಗಳು. ಸೂರ್ಯನಿಲ್ಲ, ಬೆಳಕು ಏರುತ್ತದೆ, ಇಳಿಯುತ್ತದೆ. ಹೊಗೆ, ಮಂಜು, ಕೊಳಕು ಜಿಟಿಜಿಟಿ ಮಳೆ. ಕಿಟಕಿಯಾಚೆಯ ನಮ್ಮ ಮಳೆಗೂ ಅದಕ್ಕೂ ಸಂಬಂಧವಿಲ್ಲ. ನಮ್ಮದು ಮಣ್ಣಿನ ವಾಸನೆಯದು. ಊರಿಗೆ ರಸ್ತೆಯಿಂದ ಬರುವಂತಿಲ್ಲ, ಹೋಗುವಂತಿಲ್ಲ. ಒಳಗೂ ಹೊರಗೂ ಇರುವುದು ಬಾಗಿಲುಗಳು ಮಾತ್ರ. ಯಾವುದಾದರೂ ಕಮಾನು, ಚೌಕಟ್ಟು, ಕಿಟಕಿ ಬೇರೆ ಲೋಕಕ್ಕೆ ತೆರೆಯುವ ಬಾಗಿಲಾಗಿರಬಹುದು. ಅದಕ್ಕೆ ಬೇಕಾದ ಬೀಗದ ಕೈ ಒಂದು ವಸ್ತುವಿರಬಹುದು, ಕೈಯ ಸನ್ನೆಯಿರಬಹುದು, ಒಂದು ಯೋಚನೆಯೂ ಇರಬಹುದು.

ಬೀದಿಯಲ್ಲಿ ಸಿಕ್ಕ ಮೊದಲ ನೆನಪಿಡುವ ಮುಖ ಇಂಗ್ರೆಸ್ ಎಂಬ ಹೆಂಗಸಿನದು. ಎಳೆ ವಯಸ್ಸಿನಲ್ಲಿ ಗೊತ್ತಿಲ್ಲದೆ ಅಂಥ ಬಾಗಿಲೊಂದನ್ನು ದಾಟಿ ಈ ಊರಿಗೆ ಬಂದುಬಿಟ್ಟವಳು. ಮತ್ತೆ ಎಲ್ಲಿಗೆ ಬಿದ್ದೇನೋ ಎಂಬ ಹೆದರಿಕೆಯಲ್ಲಿ ಅಂದಿನಿಂದ ಯಾವ ಬಾಗಿಲನ್ನೂ ಹೊಕ್ಕಿಲ್ಲ, ಕಮಾನಿನ ಕೆಳಗೆ ನಡೆದಿಲ್ಲ. ಬಯಲಿನಲ್ಲೇ ಮುದುಕಿಯಾಗಿದ್ದಾಳೆ. ಅವಳ ಹತ್ತಿರ ಹೋದರೆ ಮೊದಲು ಸಿಗುವುದು ಕಿರುಚಾಟ. ಪಟ್ಟಿಯಲ್ಲಿ ಅವಳನ್ನು ಅಲ್ಲೇ ಬಿಟ್ಟು ಹೋಗುವ ಉತ್ತರವೂ ಇರುತ್ತದೆ, ಅದನ್ನು ಒತ್ತಬೇಡಿ. ಮೆಲ್ಲಗೆ ಕೇಳುತ್ತ ಹೋದರೆ ಕಥೆ ಬಿಚ್ಚುತ್ತದೆ. ಸಹಾಯಕ್ಕೆ ಜನ ಬೇಕಾದರೆ ಇಡೀ ಬೀದಿ ಕೇಳಿ ನೋಡಬೇಕು, ಲೋಕಗಳ ದಾರಿ ಬಲ್ಲ ಅಲೆಮಾರಿಯೊಬ್ಬ ಸಮೀಪದ ಬಾರಿನಲ್ಲೇ ಕೂತಿರುತ್ತಾನೆ. ಅವನಿಗೂ ಇವಳಿಗೂ ಸೇತುವೆ ಹಾಕುವುದು ನಮ್ಮ ಕೆಲಸ. ಯಾವ ಯುದ್ಧವೂ ಇಲ್ಲದ ಈ ಸಣ್ಣ ಕೆಲಸಕ್ಕೆ ಅರ್ಧ ಮಧ್ಯಾಹ್ನ ಹೋಯಿತು. ಐದು ದಿನಗಳಲ್ಲಿ ಅತ್ಯಂತ ತೃಪ್ತಿ ಕೊಟ್ಟ ಕೆಲಸವೂ ಅದೇ.

ಹೈವ್‌ನವರ ಇಂಗ್ಲಿಷ್ ಬೇರೆ. ದುಡ್ಡಿಗೆ ಜಿಂಕ್, ದಡ್ಡನಿಗೆ ಬೆರ್ಕ್, ಸುದ್ದಿಗೆ ಚಾಂಟ್, ಗುಟ್ಟಿಗೆ ಡಾರ್ಕ್. ಹಳೆಗಾಲದ ಇಂಗ್ಲೆಂಡಿನ ಕಳ್ಳರ, ಬೀದಿಯವರ ಮಾತಿನಿಂದ ತೆಗೆದ ಪದಗಳು. ಮೊದಲ ಹತ್ತು ನಿಮಿಷ ತಲೆಬುಡ ತಿಳಿಯುವುದಿಲ್ಲ. ಡಿಕ್ಷನರಿ ತೆರೆದರೆ ಪ್ರಯೋಜನವಿಲ್ಲ, ಮಾತಿನ ಸುತ್ತಲಿನಿಂದಲೇ ಹಿಡಿಯಬೇಕು. ಇದು ಕಾಸರಗೋಡಿನವರಿಗೆ ಹೊಸ ವಿದ್ಯೆಯಲ್ಲ. ಬದಿಯಡ್ಕ ಪೇಟೆಯಲ್ಲಿ ಜೀನಸಿನ ಅಂಗಡಿಯಿಂದ ಬಸ್ ನಿಲ್ದಾಣಕ್ಕೆ ನಡೆಯುವಷ್ಟರಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಕಿವಿಗೆ ಬೀಳುತ್ತವೆ. ಎದುರಿನವನ ಮೊದಲ ಎರಡು ಪದ ಕೇಳಿ ಯಾವುದರಲ್ಲಿ ಉತ್ತರ ಕೊಡಬೇಕೆಂದು ನಿರ್ಧರಿಸುವ ಅಭ್ಯಾಸ ಇಲ್ಲಿ ಮಕ್ಕಳಿಗೂ ಇದೆ. ಸಿಗಿಲ್‌ನಲ್ಲಿ ಬೇಕಾದದ್ದು ಆ ಕಿವಿ.

ಸಂಜೆಗೆ ಅನಾಹುತ. ಹೈವ್‌ನ ಓಣಿಗಳಲ್ಲಿ ಮಿದುಳು ಹೊರಗೆ ಕಾಣುವ ಒಂದು ಜಾತಿಯ ಇಲಿಗಳಿವೆ. ಒಂಟಿಯಾಗಿದ್ದರೆ ಸಾಮಾನ್ಯ ಇಲಿ. ಸಂಖ್ಯೆ ಹೆಚ್ಚಿದಂತೆ ಎಲ್ಲದರ ಬುದ್ಧಿ ಒಂದಾಗಿ ಕೂಡಿಕೊಂಡು ಮಂತ್ರ ಪ್ರಯೋಗಿಸುವಷ್ಟು ಜಾಣ ಆಗುತ್ತವೆ. ಒಂದೆರಡನ್ನು ಬಡಿದು ಸುಲಭ ಎಂದುಕೊಂಡು ಓಣಿಯ ಒಳಗೆ ನುಗ್ಗಿದರೆ ಅಲ್ಲೊಂದು ಹಿಂಡು. ಮಿಂಚಿನಂಥದ್ದೇನೋ ಹೊಡೆಯಿತು, ನಾಯಕ ಬಿದ್ದ. ಇಂಥ ಕಡೆ ಸ್ಪೇಸ್ ಕೀಲಿ ಒತ್ತಿ ಆಟ ನಿಲ್ಲಿಸಿ, ಹಿಂಡನ್ನು ಒಡೆದು ಒಂದೊಂದಾಗಿ ಎಳೆದು ತರಬೇಕು. ಮೋರ್ಟ್‌ಗೆ ಬೈಗುಳದ ಶಕ್ತಿಯಿದೆ. ಅವನು ಕೆಣಕಿದ ಶತ್ರು ಮಂತ್ರ ಬಿಟ್ಟು ಅವನ ಬೆನ್ನು ಹತ್ತುತ್ತಾನೆ. ಅದೂ ಆಗದಿದ್ದರೆ ಓಡಿ.

ನಾಯಕ ಸತ್ತನಲ್ಲ, ಮುಂದೇನು? ಬೇರೆ ಆಟಗಳಂತೆ ‘ಮುಗಿಯಿತು’ ಎಂಬ ಫಲಕ ಬರಲಿಲ್ಲ. ಸಾವಿಲ್ಲದವನು ಮತ್ತೆ ಶವಾಗಾರದಲ್ಲಿ ಕಣ್ಣು ಬಿಟ್ಟ, ಕೈಯಲ್ಲಿದ್ದ ಸಾಮಾನೂ ಹಾಗೇ ಇತ್ತು. ಬಲಕ್ಕೆ ಅಂಕ ಇಡದೆ ಹೋದರೆ ಚಿಂತೆಯಿಲ್ಲ ಎಂದದ್ದು ಇದಕ್ಕೆ. ಆದರೆ ಇದನ್ನು ನಂಬಿ ಎಲ್ಲದಕ್ಕೂ ಕೈ ಹಾಕಬೇಡಿ, ಏಳಲಾಗದ ಸಾವುಗಳೂ ಕೆಲವಿವೆ. ಊರನ್ನು ಆಳುವ ಲೇಡಿ ಆಫ್ ಪೇನ್ ಯಾರೊಡನೆಯೂ ಮಾತಾಡುವವಳಲ್ಲ, ತನ್ನನ್ನು ಪೂಜಿಸಿದವರನ್ನೂ ಉಳಿಸುವವಳಲ್ಲ. ಅವಳ ತಂಟೆಗೆ ಮಾತ್ರ ಹೋಗಬಾರದು.

ನಾಲ್ಕನೇ ದಿನ: ಉರಿಯುವ ಮನುಷ್ಯನ ಬಾರು

ಮಧ್ಯಾಹ್ನ ಒಂದು ಗಂಟೆ ಹೊಳವಾಯಿತು, ಸುತ್ತಲಿನ ತೋಟಗಳಲ್ಲೆಲ್ಲ ಮದ್ದಿನ ಪಂಪು. ನಾವು ತೆರೆದದ್ದು ಸ್ಮೋಲ್ಡರಿಂಗ್ ಕಾರ್ಪ್ಸ್ ಎಂಬ ಬಾರಿನ ಬಾಗಿಲು. ನಡುವಿನಲ್ಲಿ ಇಗ್ನಸ್ ಎಂಬ ಮಾಂತ್ರಿಕ ಸದಾ ಉರಿಯುತ್ತ ತೇಲುತ್ತಿದ್ದಾನೆ. ಗಿರಾಕಿಗಳು ಅವನ ಪಕ್ಕ ಕೂತು ಕುಡಿಯುತ್ತಾರೆ. ಈ ಬಾರಿನಲ್ಲಿ ಮಾತಾಡದೆ ಬಿಡಬೇಕಾದ ಒಬ್ಬನೂ ಇಲ್ಲ. ಊರಿನ ಚರಿತ್ರೆ ಹೇಳುವ ಮುದುಕ, ಲೋಕಗಳನ್ನು ಅಲೆದವನು, ‘ಓ’ ಎಂಬ ಅಕ್ಷರವೇ ಮೈತಾಳಿ ಬಂದು ಕೂತವನು. ಹೌದು, ಒಂದು ಅಕ್ಷರ. ಅದರೊಡನೆ ಮಾತಾಡಲಿಕ್ಕೂ ಬರುತ್ತದೆ.

ಡಕ್ಕಾನ್ ಸಿಕ್ಕುವುದು ಇಲ್ಲೇ. ಮುಖದಲ್ಲಿ ನಗುವಿಲ್ಲದ, ಕಡಿಮೆ ಮಾತಿನ ಯೋಧ. ಅವನ ಕತ್ತಿ ಹಿಡಿದವನ ಮನಸ್ಸಿನ ಸ್ಥಿತಿಗೆ ತಕ್ಕಂತೆ ಆಕಾರ ಬದಲಿಸುತ್ತದೆ. ಕೇಳಿದರೆ ಜೊತೆಗೆ ಬರುತ್ತಾನೆ. ಬಂದ ಮೇಲೆ ಅವನನ್ನು ಬರೀ ಕತ್ತಿಯೆಂದು ಬಳಸಿದರೆ ದೊಡ್ಡ ನಷ್ಟ. ಅವನ ಬಳಿ ಒಂದರೊಳಗೊಂದು ಸೇರಿದ ಕಲ್ಲಿನ ಬಳೆಗಳ ಚಕ್ರವೊಂದಿದೆ, ಅವನ ಜನರ ಗ್ರಂಥ ಅದು. ಕಲಿಸು ಎಂದು ಕೇಳಿದರೆ ಕೈಗೆ ಕೊಡುತ್ತಾನೆ. ಸಾಮಾನಿನ ಚೀಲದಲ್ಲಿ ಅದನ್ನು ತೆರೆದು ಬಳೆ ತಿರುಗಿಸಿ ಒಂದು ವೃತ್ತ ಓದಬೇಕು, ಮರಳಿ ಅವನ ಬಳಿ ಹೋಗಿ ಅರ್ಥವಾದದ್ದನ್ನು ಹೇಳಬೇಕು. ಆಮೇಲೆ ಮುಂದಿನ ವೃತ್ತ. ಓದದೆ ಸುಮ್ಮನೆ ಪಟ್ಟಿಯಿಂದ ಆರಿಸಿದರೆ ಅಲ್ಲೇ ಸಿಕ್ಕಿಬೀಳುತ್ತೇವೆ. ಬುದ್ಧಿ ವಿವೇಕಗಳ ಅಂಕ ಇಲ್ಲಿ ಚೆನ್ನಾಗಿ ಕೂಡಿಬಂತು. ಒಂದೊಂದು ವೃತ್ತಕ್ಕೂ ಅನುಭವದ ಅಂಕ ಧಾರಾಳ, ಜೊತೆಗೆ ಗುರುವಿನ ಮನಸ್ಸಿನ ಒಂದೊಂದು ಪದರ.

ಬಾರಿ‌ನಿಂದ ಫೆಲ್‌ನ ಹಚ್ಚೆ ಅಂಗಡಿಗೆ. ನಾಯಕ ಕವಚ ತೊಡುವಂತಿಲ್ಲ, ಹಚ್ಚೆಯೇ ಅವನ ಕವಚ. ಒಂದೊಂದು ಹಚ್ಚೆ ಒಂದೊಂದು ಗುಣ ಏರಿಸುತ್ತದೆ. ನಾವು ಊರಿನಲ್ಲಿ ಏನೇನು ಮಾಡಿದ್ದೇವೋ ಅದಕ್ಕೆ ತಕ್ಕಂತೆ ಹೊಸ ಹಚ್ಚೆಗಳು ಅಂಗಡಿಗೆ ಬರುತ್ತವೆ. ಆದ್ದರಿಂದ ಮೊದಲ ಭೇಟಿಯಲ್ಲೇ ಜೇಬು ಬರಿದು ಮಾಡಬೇಡಿ.

ಫೆಲ್ ದಾಬಸ್ ಜಾತಿಯವನು. ಈ ಊರಿನ ಗೋಡೆ, ಕಲ್ಲುಹಾಸು ರಿಪೇರಿ ಮಾಡುತ್ತ ನೆಲ ಮುಟ್ಟದೆ ತೇಲುವವರು ದಾಬಸ್‌ಗಳು. ಫೆಲ್ ಮಾತ್ರ ನೆಲದ ಮೇಲೆ ನಡೆಯುತ್ತಾನೆ. ಅವರ ಬಾಯಿಂದ ಸದ್ದು ಬರುವುದಿಲ್ಲ, ತಲೆಯ ಮೇಲೆ ಚಿತ್ರಗಳು ಮೂಡುತ್ತವೆ. ಚಿತ್ರದ ಹೆಸರುಗಳ ಉಚ್ಚಾರ ಕೂಡಿಸಿದರೆ ಮಾತು. ನಮ್ಮಲ್ಲಿ ಮಕ್ಕಳು ‘ಕಾಲು’ ಮತ್ತು ‘ಬಳೆ’ಯ ಚಿತ್ರ ಬರೆದು ಒಗಟು ಕಟ್ಟುತ್ತಾರಲ್ಲ, ಆ ತರಹ. ಓದಬಲ್ಲವರು ಜೊತೆಗಿದ್ದರೆ ಅರ್ಥ ಹೇಳುತ್ತಾರೆ, ಹಾಗಾಗಿ ಡಕ್ಕಾನ್‌ನನ್ನು ಕರೆದುಕೊಂಡ ಮೇಲೆಯೇ ಈ ಅಂಗಡಿ ಹೊಗುವುದು ಮೇಲು. ನಾಯಕನ ಮೈಮೇಲಿನ ಹಳೆಯ ಹಚ್ಚೆಗಳ ಬಗ್ಗೆ ಕೇಳಲು ಮರೆಯಬೇಡಿ.

ಇನ್ನೊಂದು ಮಾತು, ಇಷ್ಟರಲ್ಲಿ ಹೇಳಿಬಿಡುತ್ತೇನೆ. ಹೆಸರು ಕೇಳಿದವರಿಗೆ ‘ನಾನು ಅದಾನ್’ ಎಂದು ಸುಳ್ಳು ಹೇಳುವ ಆಯ್ಕೆ ಅಲ್ಲಲ್ಲಿ ಬರುತ್ತದೆ. ಈ ಲೋಕಗಳ ನಿಯಮವೇನೆಂದರೆ ನಂಬಿಕೆ ಗಟ್ಟಿಯಾದರೆ ಅದೇ ವಸ್ತುವಾಗುತ್ತದೆ. ಸಾಕಷ್ಟು ಜನರಿಗೆ ಅದೇ ಹೆಸರು ಹೇಳುತ್ತ ಹೋದರೆ ಅದಾನ್ ಎಂಬ ಮನುಷ್ಯನೊಬ್ಬ ಊರಿನಲ್ಲಿ ನಿಜವಾಗಿಯೂ ಬಂದು ನಿಲ್ಲುತ್ತಾನೆ.

ಐದನೇ ದಿನ: ಚಿಂದಿ ಆಯುವವರ ಚೌಕ

ಕೊನೆಯ ದಿನ ಹಾಸಿಗೆಯ ಚಿಂತೆಯಿಂದ ಶುರುವಾಯಿತು. ಹೈವ್‌ನ ಬೀದಿಯಲ್ಲಿ ಮಲಗಲು ಬಿಡುವುದಿಲ್ಲ, ದುಡ್ಡು ಕೊಟ್ಟು ಛತ್ರದಂಥ ಕಡೆ ಮಲಗಬೇಕು. ನಾಯಕನ ಗಾಯ ತಾನಾಗಿ ಮಾಯುತ್ತದೆ, ಸಂಗಾತಿಗಳದ್ದು ಮಾಯುವುದಿಲ್ಲ. ಸಂತೆಯಲ್ಲಿ ಗಾಯಕ್ಕೆ ಕಟ್ಟುವ ಪಟ್ಟಿ ಕೊಂಡು ಇಟ್ಟುಕೊಳ್ಳಿ.

ಚೌಕ ಎಂದರೆ ಕಸದ ಗುಡ್ಡೆಗಳ ನಡುವಿನ ಬಯಲು. ಇಲ್ಲಿಯವರ ಕಸುಬು ಬೀದಿಯ ಹೆಣಗಳನ್ನು ಹೊತ್ತು ಶವಾಗಾರಕ್ಕೆ ಮಾರುವುದು. ಮೂಲೆಯ ಗುಡಿಸಲಿನಲ್ಲಿ ಸೂಲಗಿತ್ತಿ ಮೆಬೆತ್. ನಾಯಕ ಹೊರಡುವಾಗ ಬರೀ ಯೋಧ, ಮಂತ್ರ ಕಲಿಯಬೇಕಾದರೆ ಇವಳನ್ನು ಕೇಳಬೇಕು. ಕೇಳಿದ ಕೂಡಲೇ ಕಲಿಸುವುದಿಲ್ಲ, ಮೂರು ಚಾಕರಿ ಹೇಳುತ್ತಾಳೆ. ಮುಳ್ಳಿನ ಬೀಜ ತರಬೇಕು, ಸಂತೆಯಲ್ಲಿ ಬಟ್ಟೆ ಒಗೆಸಿ ತರಬೇಕು, ಮಸಿ ತರಬೇಕು. ಸಂತೆಗೂ ಚೌಕಕ್ಕೂ ನಡೆದು ನಡೆದು ಬೇಸರ ಬರುತ್ತದೆ. ನಡುವೆ ಗೂಂಡಾಗಳ ಕಾಟ ಬೇರೆ. ಆದರೂ ಪ್ರತಿ ಸಲ ಮರಳಿದಾಗ ಅವಳೊಡನೆ ಪೂರ್ತಿ ಮಾತಾಡಿ, ಯಾಕೆ ಈ ಕೆಲಸ ಎಂದು ಕೇಳಿ. ಚಾಕರಿಯೇ ಪಾಠದ ಒಂದು ಭಾಗವೆಂದು ತಿಳಿಯುತ್ತ ಹೋಗುತ್ತದೆ. ಒಗೆದ ಬಟ್ಟೆಯನ್ನು ಅವಳ ಮುಂದಿಟ್ಟಾಗ ವಿವೇಕ ಹೆಚ್ಚಿದ್ದವರಿಗೆ ಕಾಣುವ ಉತ್ತರಗಳು ಚೆನ್ನಾಗಿವೆ. ಮೊದಲ ದಿನದ ಬಲಶಾಲಿಗೆ ಇವು ಸಿಗುತ್ತಿರಲಿಲ್ಲ. ಹಳ್ಳಿಯಲ್ಲಿ ನಾಟಿ ಮದ್ದು ಕೊಡುವ ಅಜ್ಜಿಯರೂ ಹೀಗೇ, ಎಲೆ ಯಾವುದೆಂದು ಮೊದಲು ಹೇಳುವುದಿಲ್ಲ. ನಾಲ್ಕು ಸಲ ಬುಟ್ಟಿ ಹೊರಿಸುತ್ತಾರೆ.

ಬೆನ್ನ ಮೇಲೆ ಹೆಸರಿದ್ದ ಫಾರೋಡ್ ಈ ಕಸದ ಕೆಳಗಿನ ಊರಿನ ಯಜಮಾನ. ಅಲ್ಲಿಗೆ ದಾರಿ ಎಲ್ಲಿ ಎಂದು ಕೇಳಿದರೆ ಚೌಕದವರು ಬಾಯಿ ಬಿಡುವುದಿಲ್ಲ. ಬಾಲವಿರುವ, ಕೆಂಪು ಕೂದಲಿನ ಆನಾ ಎಂಬ ಹುಡುಗಿ ಎರಡು ಬೈದು ಕಳಿಸಿದಳು. ಅವಳನ್ನು ನೆನಪಿಡಿ, ಮುಂದೆ ಜೊತೆಗೆ ಬರುವವಳು. ನಾವು ಸುಮಾರು ಒಂದು ಗಂಟೆ ಮರದ ಕಮಾನೊಂದರ ಮುಂದೆ ಹಿಂದೆ ನಡೆದೆವು. ಬೀಗ ಕಾಣುವುದಿಲ್ಲ, ತಳ್ಳಲು ಕದವಿಲ್ಲ, ಆ ಕಡೆ ಹೋದರೂ ಬರೀ ಕಸ. ಕೈಯಲ್ಲಿ ಬೆಲೆಬಾಳುವುದು ಏನಿದೆ ಎಂದು ಚೀಲವನ್ನೆಲ್ಲ ತೆಗೆದು ನೋಡಿದೆವು. ಬೇಕಾದದ್ದು ಸುತ್ತಲೂ ರಾಶಿ ಬಿದ್ದಿತ್ತು: ಒಂದು ಹಿಡಿ ಕಸ. ಗುಡ್ಡೆಯಿಂದ ಅಷ್ಟು ಎತ್ತಿಕೊಂಡು ಕಮಾನಿನ ಕೆಳಗೆ ನಡೆದದ್ದೇ ಗಾಳಿ ಹೊಳೆಯಿತು, ಬಾಗಿಲು ತೆರೆಯಿತು. ಕಸ ಆಯುವವರ ಊರಿಗೆ ಕಸವೇ ಬೀಗದ ಕೈ. ಚೀಲ ಹಗುರ ಮಾಡಲೆಂದು ಅಲ್ಲಿ ಸಿಕ್ಕಿದ್ದನ್ನೆಲ್ಲ ಬಿಸಾಡುತ್ತ ಬಂದವರಿಗೆ ಇದು ತಡವಾಗಿ ತಿಳಿಯುತ್ತದೆ.

ಆಚೆ ಕತ್ತಲ ಸುರಂಗ, ಅಡ್ಡ ನಿಂತು ದಾರಿ ಸುಂಕ ಕೇಳುವ ಪುಂಡರು. ಅದನ್ನು ದಾಟಿದರೆ ಹೂತುಹೋದ ಹಳ್ಳಿ, ಹಳ್ಳಿಯ ಕೊನೆಗೆ ಊರುಗೋಲು ಹಿಡಿದ ಫಾರೋಡ್. ಅವನು ಪುಕ್ಕಟೆ ಏನನ್ನೂ ಹೇಳುವವನಲ್ಲ. ಇನ್ನೂ ಕೆಳಗಿನ ಗೋರಿಗಳಲ್ಲಿರುವ ಕಂಚಿನ ಗೋಳವೊಂದನ್ನು ತಂದರೆ ಮಾತು ಎಂದ. ಅಲ್ಲಿಗೆ ಇಳಿಯಲು ಸಿದ್ಧತೆ ಬೇಕು: ಪಟ್ಟಿಗಳು, ಮೆಬೆತ್ ಕೊಟ್ಟ ಮಂತ್ರದ ಪುಸ್ತಕ, ಖಾಲಿ ಚೀಲ.

ರಾತ್ರಿ ಹನ್ನೊಂದಕ್ಕೆ ಮಳೆ ಪೂರ್ತಿ ನಿಂತು ತೋಡಿನ ಸದ್ದು ಮಾತ್ರ ಉಳಿಯಿತು. ಬೆಳಗ್ಗೆ ತೋಟಕ್ಕೆ ಜನ ಬರುತ್ತಾರೆ. ‘ಗೋಳದ ಮೊದಲು’ ಎಂದು ಹೆಸರು ಕೊಟ್ಟು ಆಟ ಉಳಿಸಿದೆವು. ಮದ್ದಳೆಯ ಮಾವ ಹೊರಡುವಾಗ ಮೆಟ್ಟಿಲಲ್ಲಿ ನಿಂತು ಕೇಳಿದ್ದು ಒಂದೇ: “ಆ ಪ್ರೇತದ ಹೆಂಗಸು, ಅವಳಿಗೆ ಕೊಟ್ಟ ಮಾತು ಎಂತ ಆಯ್ತು?”

“ಇನ್ನೂ ದೂರ ಉಂಟು ಮಾವ.”

“ನಡುವಿನಲ್ಲಿ ಬಿಡ್ಬೇಡಿ. ಅದಾಗುವಾಗ ನನ್ನನ್ನು ಕರೀಬೇಕು.”